ಎರಡನೆಯ ಶನಿವಾರದ ಕೂಟ: ದತ್ತು ಮಗುವಿಗಾಗಿ ಕಾಯುವವರಿಗೆ ಮಂಗಳೂರಿನಲ್ಲೊಂದು ಸೇವೆ

ಮಂಗಳೂರಿನ ಬಲ್ಮಠದ ಆಸುಪಾಸಿನಲ್ಲಿ, ಹಳೆಯ ಮಿಶನ್ ಕಟ್ಟಡವೊಂದರ ಮೊದಲ ಮಹಡಿಯಲ್ಲಿ, ಪ್ರತಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1ರ ವರೆಗೆ ಒಂದು ಕೂಟ ನಡೆಯುತ್ತದೆ. ದತ್ತು ಮಗುವಿಗಾಗಿ ಕಾಯುತ್ತಿರುವ ಕ್ರೈಸ್ತ ಕುಟುಂಬಗಳು, ಅದರಲ್ಲೂ ಹೊರದೇಶದಲ್ಲಿದ್ದುಕೊಂಡು ಭಾರತದ ಮಗುವಿಗಾಗಿ ಅರ್ಜಿ ಹಾಕಿದವರು ಮತ್ತು ಅವರ ಪರವಾಗಿ ಊರಿನಲ್ಲಿ ಓಡಾಡುವ ತಂದೆತಾಯಿಗಳು ಅಲ್ಲಿ ಸೇರುತ್ತಾರೆ. ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದ ಒಬ್ಬ ಡೀಕನೆಸ್ (ಚರ್ಚಿನ ಸೇವೆಗೆ ನೇಮಕಗೊಂಡ ಮಹಿಳೆ) ಮತ್ತು ನಾಲ್ಕೈದು ಮಂದಿ ಸ್ವಯಂಸೇವಕರು ಇದನ್ನು ನಡೆಸುತ್ತಾರೆ. ಕುಟುಂಬವೊಂದಕ್ಕೆ ತಿಂಗಳಿಗೆ 200 ರೂಪಾಯಿ. ಚಹಾ, ತಿಂಡಿ, ಜೆರಾಕ್ಸ್ ಎಲ್ಲವೂ ಅದರಲ್ಲೇ. ಬೇರೆಯಾಗಿ ಕುಳಿತು ಮಾತನಾಡಬೇಕೆಂದರೆ ಗಂಟೆಗೆ 500 ರೂಪಾಯಿ. ನಾನು 2023ರ ಜೂನ್‌ನಿಂದ ಈ ವರೆಗೆ 21 ಸಲ ಹೋಗಿದ್ದೇನೆ. ಬರುವ ಕುಟುಂಬಗಳ ಗುಟ್ಟು ಕಾಯಬೇಕಾಗಿರುವುದರಿಂದಲೂ, ಹೇಳಬೇಕಾದ ದೂರುಗಳು ಕೆಲವು ಇರುವುದರಿಂದಲೂ, ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಿಮ್ಮ ಸಭಾಪಾಲಕರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಅರ್ಜಿ ಹಾಕಿದವರು ನನ್ನ ಮಗಳು ಮತ್ತು ಅಳಿಯ. ಇಬ್ಬರೂ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೆಲಸದಲ್ಲಿದ್ದಾರೆ, ಪಾಸ್‌ಪೋರ್ಟ್ ಭಾರತದ್ದೇ. (ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಮೊಗ್ಲಿಂಗ್ ಅದೇ ಸೀಮೆಯಿಂದ ನಮ್ಮೂರಿಗೆ ಬಂದವರು. ಅವರು ಬಂದ ದಾರಿಯಲ್ಲೇ ನಮ್ಮ ಮಕ್ಕಳು ಹಿಂದಕ್ಕೆ ಹೋದರು ಎಂದು ನನ್ನ ಯಜಮಾನರು ತಮಾಷೆ ಮಾಡುವುದುಂಟು.) 2022ರ ನವೆಂಬರಿನಲ್ಲಿ ಅವರು ನೋಂದಣಿ ಮಾಡಿಸಿದ ದಿನ ಇಬ್ಬರ ವಯಸ್ಸಿನ ಮೊತ್ತ 79 ಆಗಿತ್ತು. ಎರಡು ವರ್ಷದೊಳಗಿನ ಮಗುವನ್ನು ಬಯಸುವ ದಂಪತಿಗೆ ಆ ಮೊತ್ತ 85ನ್ನು ಮೀರಬಾರದು ಎಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ದತ್ತು ನಿಯಮಾವಳಿ ಹೇಳುತ್ತದೆ. ನಾನು ಉಡುಪಿಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು, ಗಣಿತದವಳಲ್ಲ. ಆದರೂ ವರ್ಷವೊಂದು ಕಳೆದರೆ ಈ ಮೊತ್ತಕ್ಕೆ ಎರಡು ಕೂಡುತ್ತದೆ ಎಂಬ ಲೆಕ್ಕ ರಾತ್ರಿ ಎಚ್ಚರವಾದಾಗಲೆಲ್ಲ ತಾನಾಗಿ ನಡೆಯುತ್ತಿತ್ತು.

ಮೊದಲ ಸಲ ಹೋದಾಗ ಇದೊಂದು ಪ್ರಾರ್ಥನಾ ಕೂಟವಾಗಿರಬಹುದು, ಹಾಡು, ಸಾಕ್ಷಿ, ಕೈಯಿಟ್ಟು ಪ್ರಾರ್ಥನೆ, ಮತ್ತೆ ಚಹಾ ಎಂದು ಊಹಿಸಿಕೊಂಡಿದ್ದೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಹಂಪನಕಟ್ಟೆಯಿಂದ ರಿಕ್ಷಾದಲ್ಲಿ ಬಂದರೂ ಸೀರೆಯ ನೆರಿಗೆ ಒದ್ದೆಯಾಗಿತ್ತು. ಒಳಗೆ ಉದ್ದನೆಯ ಮೇಜಿನ ಮೇಲೆ ಕಡತಗಳು, ಸ್ಟೇಪ್ಲರ್, ರಬ್ಬರ್ ಬ್ಯಾಂಡು, ಅಂಚೆಚೀಟಿ. ಪಕ್ಕದಲ್ಲಿ ಗೋಳಿಬಜೆಯ ತಟ್ಟೆ. ಮೊದಲ ಒಂದು ಗಂಟೆಯನ್ನು ಅವರು ಕಾಗದದ ಗಂಟೆ ಎಂದೇ ಕರೆಯುತ್ತಾರೆ. ಒಂದು ಚಿಕ್ಕ ಪ್ರಾರ್ಥನೆ ಮಾಡಿ, ಯಾರ ಕಡತ ಎಲ್ಲಿ ನಿಂತಿದೆ ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ನನಗೆ ಇದು ಸಪ್ಪೆಯಾಗಿ ಕಂಡಿತು. ದೇವರ ಮುಂದೆ ಅಳಲು ಬಂದವಳನ್ನು ಗುಮಾಸ್ತರ ಮುಂದೆ ಕುಳ್ಳಿರಿಸಿದ ಹಾಗಾಯಿತು ಎಂದು ಸಂಜೆ ಮಗಳಿಗೆ ಫೋನಿನಲ್ಲಿ ಹೇಳಿದೆ. ಆ ಅಭಿಪ್ರಾಯವನ್ನು ನಾನು ಬಹಳ ದಿನ ಉಳಿಸಿಕೊಳ್ಳಲಿಲ್ಲ.

ಕಾರಣ, ಆ ಮೇಜಿನಲ್ಲಿ ಕುಳಿತ ನಿವೃತ್ತ ವಕೀಲರು ಎರಡನೆಯ ಭೇಟಿಯಲ್ಲೇ ನಮ್ಮ ಹಣವನ್ನೂ ತಿಂಗಳುಗಟ್ಟಲೆ ಸಮಯವನ್ನೂ ಉಳಿಸಿದರು. ಮಗಳ ಮದುವೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ನಮ್ಮ ಸಭೆಯಲ್ಲೇ ನಡೆದದ್ದು. ಜರ್ಮನಿಯ ಕಚೇರಿಗೆ ಕಳುಹಿಸಲು ಆ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ (ಒಂದು ದೇಶದ ದಾಖಲೆ ಇನ್ನೊಂದು ದೇಶದಲ್ಲಿ ನಡೆಯುವಂತೆ ಹಾಕುವ ಸರ್ಕಾರಿ ಮುದ್ರೆ) ಹಾಕಿಸಬೇಕೆಂದು ಒಬ್ಬ ಏಜೆಂಟ್ ಹೇಳಿದ್ದ, ನಾನು ಅವನಿಗೆ ಮುಂಗಡ ಕೊಡುವುದರಲ್ಲಿದ್ದೆ. ವಕೀಲರು ಕನ್ನಡಕವನ್ನು ಹಣೆಗೇರಿಸಿ, “ಟೀಚರ್, ದುಡ್ಡು ಹಾಳು ಮಾಡ್ಬೇಡಿ, ಜರ್ಮನಿಗೆ ಇದು ನಡೆಯುವುದಿಲ್ಲ” ಎಂದರು. ಭಾರತ ಅಪೊಸ್ಟಿಲ್ ಒಪ್ಪಂದವನ್ನು ಸೇರಿದ್ದು 2005ರಲ್ಲಿ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಆ ಎರಡು ದೇಶಗಳ ನಡುವೆ ಅದು ಜಾರಿಯಲ್ಲಿಲ್ಲ, ದಾಖಲೆಗಳಿಗೆ ಬೇರೆ ದಾರಿಯೇ ಇದೆ ಎಂದು ವಿವರಿಸಿ, ಆ ದಾರಿಯ ಹಂತಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. 2021ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ಅಧಿಕೃತ ಮಧ್ಯವರ್ತಿ ಸಂಸ್ಥೆಯಿಲ್ಲದೆ ಹೊರದೇಶದಿಂದ ದತ್ತು ಪಡೆಯುವುದು ಕಾನೂನಿಗೆ ವಿರುದ್ಧ, ಹಾಗಾಗಿ ಇಲ್ಲಿಂದ ನೇರವಾಗಿ ಏನನ್ನೂ ಮಾಡಲು ಹೋಗಬೇಡಿ ಎಂಬುದನ್ನೂ ಅವರೇ ಹೇಳಿದ್ದು. ಮಂಗಳೂರಿನಲ್ಲಿ ಕುಳಿತು ಸ್ಟುಟ್‌ಗಾರ್ಟಿನ ಕಾನೂನನ್ನು ಇಷ್ಟು ನಿಖರವಾಗಿ ಹೇಳಬಲ್ಲವರು 200 ರೂಪಾಯಿಗೆ ಎಲ್ಲಿ ಸಿಗುತ್ತಾರೆ?

ಹಾಗೆಂದು ಆ ಮೇಜಿನಲ್ಲಿ ಎಲ್ಲರೂ ಅವರಂತಿಲ್ಲ. ವಕೀಲರು ರಜೆಯಲ್ಲಿದ್ದ ತಿಂಗಳು ಒಬ್ಬ ಹುಡುಗ ಕುಳಿತಿದ್ದ. ದತ್ತು ಪಡೆಯುವವರ ಮನೆ, ಸ್ಥಿತಿಗತಿ ನೋಡಿ ಬರೆಯುವ ಗೃಹ ಅಧ್ಯಯನ ವರದಿಗೆ ಒಂದೇ ವರ್ಷ ಬಾಳಿಕೆ, ನಿಮ್ಮ ಮಗಳದ್ದು ಮುಗಿಯುತ್ತ ಬಂತು ಎಂದು ಅವನು ಖಡಾಖಂಡಿತವಾಗಿ ಹೇಳಿಬಿಟ್ಟ. ಆ ರಾತ್ರಿ ಅಲ್ಲಿ ಅವರಿಬ್ಬರೂ ಇಲ್ಲಿ ನಾವಿಬ್ಬರೂ ನಿದ್ದೆಗೆಟ್ಟೆವು. ವರದಿಗೆ ಮೂರು ವರ್ಷ ಬಾಳಿಕೆ ಇದೆ ಎಂಬುದು ನಿಯಮಾವಳಿಯನ್ನು ನಾವೇ ತೆರೆದು ಓದಿದ ಮೇಲೆ ತಿಳಿಯಿತು. ಮುಂದಿನ ತಿಂಗಳು ಹೇಳಿದಾಗ ಆ ಹುಡುಗ ಕ್ಷಮೆ ಕೇಳಿದ, ನಿಜ. ಆದರೆ ಇಂಥ ಜಾಗದಲ್ಲಿ ಕೂರುವವರು ತಿಳಿಯದಿದ್ದರೆ ತಿಳಿಯದು ಎನ್ನಬೇಕು. ಕಾಯುವವರ ಮನಸ್ಸು ಹಸಿಗೋಡೆಯ ಹಾಗಿರುತ್ತದೆ, ಎಸೆದದ್ದೆಲ್ಲ ಅಂಟಿಕೊಳ್ಳುತ್ತದೆ.

ಎರಡನೆಯ ಗಂಟೆಯಲ್ಲಿ ಡೀಕನೆಸ್ ಮಾತನಾಡುತ್ತಾರೆ. ಇವರಿಗಾಗಿಯೇ ನಾನು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಬರುತ್ತಿರುವುದು. ಅವರ ಮಾತಿಗೊಂದು ನಿಯಮವಿದೆ: ದೇವರ ವೇಳೆ ಬಂದಾಗ ಎಲ್ಲವೂ ಆಗುತ್ತದೆ ಎಂಬ ವಾಕ್ಯವನ್ನು ಈ ಕೋಣೆಯಲ್ಲಿ ಯಾರೂ ಯಾರಿಗೂ ಹೇಳಬಾರದು. ಹೊಸಬರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ, ನನಗೂ ಕೇಳಿಸಿತ್ತು. ನಾನು ನನ್ನ ಮಗಳಿಗೆ ವಾರಕ್ಕೆರಡು ಸಲ ಅದನ್ನೇ ಹೇಳುತ್ತಿದ್ದವಳು. ಹೇಳಿದಾಗಲೆಲ್ಲ ಆ ಕಡೆ ಅವಳು ಒಂದು ಕ್ಷಣ ಸುಮ್ಮನಾಗಿ, “ಸರಿ ಅಮ್ಮ, ಇಡ್ತೇನೆ” ಎನ್ನುತ್ತಿದ್ದಳು. ಆ ಮೌನದ ಅರ್ಥ ನನಗೆ ಆ ನಿಯಮ ಕೇಳಿದ ದಿನ ಹೊಳೆಯಿತು.

ಅದೇ ನಿಯಮ ಮುರಿದುಬಿದ್ದ ದಿನವನ್ನೂ ಹೇಳಬೇಕು. ಒಮ್ಮೆ ಹೊರಗಿನಿಂದ ಒಬ್ಬ ಬೋಧಕರನ್ನು ಕರೆಸಿದ್ದರು. ಅವರು ಸಮುವೇಲನ ತಾಯಿ ಹನ್ನಳ ಕಥೆಯನ್ನು ಎತ್ತಿಕೊಂಡು, ಹನ್ನಳಂತೆ ಹೃದಯ ಬಿಚ್ಚಿ ಬೇಡಿದವರ ಗರ್ಭವನ್ನು ದೇವರು ತೆರೆಯದೆ ಇರುವುದಿಲ್ಲ ಎಂದು ಮುಕ್ಕಾಲು ಗಂಟೆ ಬೋಧಿಸಿದರು. ಎದುರಿಗೆ ಕುಳಿತವರಲ್ಲಿ ಹೆಚ್ಚಿನವರು ಹತ್ತು ಹನ್ನೆರಡು ವರ್ಷ ಬೇಡಿ, ಚಿಕಿತ್ಸೆಗೆ ಲಕ್ಷಗಟ್ಟಲೆ ಸುರಿದು, ಆ ಬಾಗಿಲನ್ನು ಕಷ್ಟಪಟ್ಟು ಮುಚ್ಚಿ ಈ ಕೋಣೆಗೆ ಬಂದವರು. ಸುರತ್ಕಲ್ ಕಡೆಯ ಒಬ್ಬ ಹೆಣ್ಣುಮಗಳು ಎದ್ದು ಹೋದವಳು ಮತ್ತೆ ಮೂರು ತಿಂಗಳು ಬರಲಿಲ್ಲ. ಆ ಬೋಧಕರಿಗೆ ಈ ಕೂಟದ ಸ್ವಭಾವವನ್ನು ಮೊದಲೇ ತಿಳಿಸಿರಲಿಲ್ಲ ಎಂಬುದು ನಡೆಸುವವರ ತಪ್ಪು. ಡೀಕನೆಸ್ ಮುಂದಿನ ತಿಂಗಳು ಎಲ್ಲರ ಮುಂದೆ ನಿಂತು ಆ ತಪ್ಪನ್ನು ತನ್ನದೆಂದು ಒಪ್ಪಿಕೊಂಡರು. ಚರ್ಚಿನ ವ್ಯವಹಾರಗಳಲ್ಲಿ ಹೀಗೆ ಬಾಯಿಬಿಟ್ಟು ಒಪ್ಪಿಕೊಂಡವರನ್ನು ನಾನು ನೋಡಿದ್ದು ಕಡಿಮೆ.

ಆಮೇಲೆ ಅವರು ಮೂರು ತಿಂಗಳು ವಿಮೋಚನಕಾಂಡದ ಎರಡನೆಯ ಅಧ್ಯಾಯವನ್ನು ಮಾತ್ರ ಹಿಡಿದರು. ಆ ಅಧ್ಯಾಯವನ್ನು ನಾನು ಸಂಡೇ ಸ್ಕೂಲಿನ ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ! ನದಿ, ಬುಟ್ಟಿ, ರಾಜಕುಮಾರಿ, ಕೊನೆಗೆ ಮೋಶೆ. ಅದು ಒಂದು ಜನಾಂಗದ ಮಗುವನ್ನು ಇನ್ನೊಂದು ಜನಾಂಗದ ಹೆಣ್ಣು ದತ್ತು ತೆಗೆದುಕೊಂಡ ಕಥೆ ಎಂದು ನನಗೆ ಒಮ್ಮೆಯೂ ತೋಚಿರಲಿಲ್ಲ. ಡೀಕನೆಸ್ ನಮ್ಮನ್ನು ರಾಜಕುಮಾರಿಯ ಕಡೆಗೆ ಕರೆದೊಯ್ಯಲಿಲ್ಲ. ಮೊದಲ ತಿಂಗಳು ಪೂರ್ತಿ ಬುಟ್ಟಿ ಹೆಣೆದು ಅದಕ್ಕೆ ರಾಳ ಬಳಿದ ತಾಯಿಯ ಹತ್ತಿರ ನಿಲ್ಲಿಸಿದರು. ಅವಳು ಮಗುವನ್ನು ಮೂರು ತಿಂಗಳು ಬಚ್ಚಿಟ್ಟಳು. ಬುಟ್ಟಿಗೆ ನೀರು ನುಗ್ಗಬಾರದೆಂದು ಎಷ್ಟು ಜಾಗ್ರತೆ ಮಾಡಿದಳು. ಮಗುವಿನ ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು. ಬಿಟ್ಟುಹೋದವಳು ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಬಳಸುತ್ತೇವೆ ಎಂದು ಕೇಳಿ, ಅವರು ಬೈಬಲನ್ನು ಮುಚ್ಚಿಟ್ಟು ಬಾಲನ್ಯಾಯ ಕಾಯ್ದೆಯನ್ನು ತೆರೆದರು.

2015ರ ಆ ಕಾಯ್ದೆಯ ಪ್ರಕಾರ, ಮಗುವನ್ನು ಸಾಕಲಾಗದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಿ ಪತ್ರಕ್ಕೆ ಸಹಿ ಹಾಕಿದ ಮೇಲೂ, ಮನಸ್ಸು ಬದಲಿಸಿಕೊಳ್ಳಲು ಅವಳಿಗೆ ಎರಡು ತಿಂಗಳ ಅವಕಾಶವಿದೆ. ಎಲ್ಲೋ ಸಿಕ್ಕಿದ ಮಗುವಾದರೆ ಅದರ ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಕ್ಕೆ ನಾಲ್ಕು ತಿಂಗಳು. ಅದಾದ ಮೇಲೆಯೇ ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಎಂದು ಸಮಿತಿ ಘೋಷಿಸುವುದು. ಈ ವಿಷಯ ಕಾಗದದ ಗಂಟೆಯಲ್ಲಿ ಹತ್ತು ಸಲ ಕಿವಿಯ ಮೇಲೆ ಬಿದ್ದಿತ್ತು. ಆದರೆ ಆ ದಿನ, ಬುಟ್ಟಿಯ ಪಕ್ಕದಲ್ಲಿಟ್ಟು ಕೇಳಿದಾಗ, ನಾನು ಬೈದುಕೊಂಡು ಎಣಿಸುತ್ತಿದ್ದ ದಿನಗಳಲ್ಲಿ ಅರುವತ್ತು ದಿನ ಇನ್ನೊಬ್ಬಳ ಸ್ವಂತದ್ದು ಎಂದು ತಿಳಿಯಿತು. ಬೇಗ ಆಗಲಿ ದೇವರೇ ಎಂದು ನಾನು ಬೇಡುವಾಗ ಯಾರ ದಿನಗಳನ್ನು ಕಡಿಮೆ ಮಾಡು ಎಂದು ಬೇಡುತ್ತಿದ್ದೆ?

ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಆ ವರ್ಷ ಚರ್ಚಿನಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ, ನಿನ್ನ ಚಿತ್ತ ನೆರವೇರಲಿ ಎಂಬ ಸಾಲು ಬಂದಾಗ ನಾನು ತುಟಿ ಮುಚ್ಚುತ್ತಿದ್ದೆ. ಪಕ್ಕದವರಿಗೆ ಗೊತ್ತಾಗದಂತೆ ಮುಂದಿನ ಸಾಲಿನಲ್ಲಿ ಸೇರಿಕೊಳ್ಳುತ್ತಿದ್ದೆ. ಇದನ್ನು ಸಭಾಪಾಲಕರಿಗಾಗಲಿ ಯಜಮಾನರಿಗಾಗಲಿ ಹೇಳಲು ಧೈರ್ಯವಿರಲಿಲ್ಲ, ಡೀಕನೆಸ್ ಜೊತೆ 500 ರೂಪಾಯಿಯ ಒಂದು ಗಂಟೆಯಲ್ಲಿ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. “ಆ ಸಾಲು ಕಷ್ಟದ್ದೇ ಟೀಚರ್. ಬರುವಾಗ ಬರ್ಲಿ. ಅಲ್ಲಿಯವರೆಗೆ ಉಳಿದದ್ದನ್ನು ಹೇಳಿ” ಎಂದರು. ಈಗಲೂ ಕೆಲವು ಭಾನುವಾರ ಅದು ಗಂಟಲಲ್ಲೇ ನಿಲ್ಲುತ್ತದೆ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದ 23ನೆಯ ವಚನವನ್ನು ಅವರು ಬಿಡಿಸಿದ ರೀತಿ ನನ್ನೊಳಗಿನ ಭಾಷೆಯ ಶಿಕ್ಷಕಿಗೂ ಹಿಡಿಸಿತು. ನರಳುತ್ತ, ಮಕ್ಕಳಾಗಿ ಸ್ವೀಕರಿಸಲ್ಪಡುವುದಕ್ಕಾಗಿ ಎದುರುನೋಡುತ್ತಿದ್ದೇವೆ ಎಂಬ ಭಾವದ ವಚನ ಅದು. ದತ್ತು, ಕಾಯುವಿಕೆ ಎರಡೂ ಒಂದೇ ವಾಕ್ಯದಲ್ಲಿರುವುದರಿಂದ ಇಂಥ ಕುಟುಂಬಗಳಿಗೆ ಎಲ್ಲರೂ ಅದನ್ನು ಬರೆದು ಕಳುಹಿಸುತ್ತಾರೆ, ನನ್ನ ಮಗಳಿಗೆ ನಾಲ್ಕು ಕಾರ್ಡುಗಳಲ್ಲಿ ಅದೇ ಬಂದಿದೆ. ಆದರೆ ಆ ವಾಕ್ಯದ ಕರ್ತೃಪದ ಯಾವುದು ಎಂದು ಡೀಕನೆಸ್ ಕೇಳಿದರು. ಅಲ್ಲಿ ಕಾಯುತ್ತಿರುವುದು ದತ್ತಾಗಬೇಕಾದ ಜೀವ, ಮಗುವಿನ ಜಾಗದಲ್ಲಿರುವುದು ನಾವು. ಹಾಗಾದರೆ ಈ ವಚನ ಮಗಳಿಗೆ ಸಮಾಧಾನ ಹೇಳುತ್ತಿಲ್ಲ. ಎಲ್ಲೋ ಒಂದು ಶಿಶುಗೃಹದ ಕಿಟಕಿಯ ಹತ್ತಿರ ನಿಂತ ನಾಲ್ಕು ವರ್ಷದವನ ಪರವಾಗಿ ಮಾತನಾಡುತ್ತಿದೆ. ಅಂದಿನಿಂದ ನಾನು ಆ ವಚನವನ್ನು ಮಗಳಿಗೆ ಓದಿ ಹೇಳುವುದನ್ನು ಬಿಟ್ಟೆ.

ವಕೀಲರು ಒಂದು ಸಲ ಅರ್ಧ ಗಂಟೆ ಕ್ರೈಸ್ತರ ದತ್ತು ಕಾನೂನಿನ ಚರಿತ್ರೆ ಹೇಳಿದರು. ಇಪ್ಪತ್ತೊಂದು ಭೇಟಿಗಳಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಅರ್ಧ ಗಂಟೆ ಅದೇ. 1956ರ ಹಿಂದೂ ದತ್ತಕ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ನಮ್ಮವರಿಗೆ ಉಳಿದದ್ದು 1890ರ ಪಾಲಕರ ಕಾಯ್ದೆ ಮಾತ್ರ. ಅದರಲ್ಲಿ ಮಗು ಮಗುವಾಗುವುದಿಲ್ಲ, ಪಾಲ್ಯ (ಪಾಲಕರ ವಶದಲ್ಲಿರುವ ಅಪ್ರಾಪ್ತ) ಆಗುತ್ತದೆ, ಪ್ರಾಯಕ್ಕೆ ಬಂದ ದಿನ ಕಾಗದದ ಸಂಬಂಧ ಮುಗಿಯುತ್ತದೆ. ನನ್ನ ದೊಡ್ಡಮ್ಮ 1960ರ ದಶಕದಲ್ಲಿ ಅನಾಥಾಲಯದಿಂದ ಹೆಣ್ಣುಮಗುವೊಂದನ್ನು ತಂದು ಸಾಕಿದ್ದರು. ದೊಡ್ಡಮ್ಮ ತೀರಿಕೊಂಡಾಗ ಆ ಸಾಕುಮಗಳಿಗೆ, ನಮ್ಮ ಅಕ್ಕನಿಗೆ, ಮನೆ ಸಿಕ್ಕಿದ್ದು ಉಯಿಲು ಇದ್ದದ್ದರಿಂದ, ಮಗಳಾಗಿದ್ದದ್ದರಿಂದಲ್ಲ. ಏಕೆಂದು ನಮಗೆ ಯಾರಿಗೂ ಆಗ ತಿಳಿದಿರಲಿಲ್ಲ. ದೊಡ್ಡಮ್ಮ ಏನೋ ಕಾಗದ ಸರಿಯಾಗಿ ಮಾಡಿಸಿಲ್ಲ ಎಂದು ಗೊಣಗಿಕೊಂಡಿದ್ದೆವು. ಮಾಡಿಸಲು ಅಂಥ ಕಾಗದವೇ ಇರಲಿಲ್ಲ. 2000ದ ಬಾಲನ್ಯಾಯ ಕಾಯ್ದೆ ಮತ್ತು 2006ರ ಅದರ ತಿದ್ದುಪಡಿಯ ಮೇಲೆ ಬಾಗಿಲು ತೆರೆಯಿತು. ಧರ್ಮ ಯಾವುದೇ ಆಗಿರಲಿ, ಈ ಕಾಯ್ದೆಯಡಿ ದತ್ತು ಪಡೆಯಬಹುದು ಎಂದು ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2014ರಲ್ಲಿ. ನನ್ನ ಮಗಳ ಕಡತ ಎಷ್ಟೇ ದಪ್ಪವಾಗಲಿ, ಅದರ ಕೊನೆಯ ಹಾಳೆಯಲ್ಲಿ ತಾಯಿ ಎಂದೇ ಬರೆದಿರುತ್ತದೆ. ದೊಡ್ಡಮ್ಮನಿಗೆ ಆ ಹಾಳೆ ಸಿಗಲಿಲ್ಲ.

ಕಾಗದಗಳ ಬಗ್ಗೆ ಗೊಣಗುವವರಿಗೆ ಡೀಕನೆಸ್ ಲಕ್ಷ್ಮೀಕಾಂತ ಪಾಂಡೆ ಪ್ರಕರಣವನ್ನು ಓದಲು ಕೊಡುತ್ತಾರೆ. ಭಾರತದ ಮಕ್ಕಳನ್ನು ಹೊರದೇಶಗಳಿಗೆ ದತ್ತು ಕೊಡುವ ನೆಪದಲ್ಲಿ ನಡೆಯುತ್ತಿದ್ದ ಅಕ್ರಮಗಳ ಕುರಿತು ವಕೀಲರಾಗಿದ್ದ ಪಾಂಡೆ 1982ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು, 1984ರಲ್ಲಿ ತೀರ್ಪು ಬಂತು. ದೇಶಕ್ಕೊಂದು ಕೇಂದ್ರ ಸಂಸ್ಥೆ, ಮನೆಯ ಅಧ್ಯಯನ, ಮಗು ಹೋದ ಮೇಲಿನ ವರದಿ ಇವೆಲ್ಲದರ ಬೇರು ಅಲ್ಲಿದೆ. ಕಾರಾ ಎಂದು ನಾವು ಕರೆಯುವ ಕೇಂದ್ರ ಪ್ರಾಧಿಕಾರ ಹುಟ್ಟಿದ್ದು 1990ರಲ್ಲಿ. ದೇಶದೇಶಗಳ ನಡುವಿನ ದತ್ತಿನ ಕುರಿತಾದ 1993ರ ಹೇಗ್ ಒಪ್ಪಂದವನ್ನು ಭಾರತ ಸ್ಥಿರೀಕರಿಸಿದ್ದು 2003ರಲ್ಲಿ. ಮಗು ಸ್ಟುಟ್‌ಗಾರ್ಟಿಗೆ ಹೋದ ಮೇಲೂ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ವರದಿ ಬರಬೇಕು. ಯಾವುದೋ ಮಗುವಿಗೆ ಹಿಂದೆ ಆದ ಅನ್ಯಾಯದ ಗುರುತಾಗಿ ಪ್ರತಿಯೊಂದು ಮುದ್ರೆಯೂ ಇದೆ ಎಂದು ನೋಡಲು ಆರಂಭಿಸಿದರೆ, ರಬ್ಬರ್ ಬ್ಯಾಂಡು ಬಿಚ್ಚುವ ಕೈ ಸ್ವಲ್ಪ ಮೆತ್ತಗಾಗುತ್ತದೆ.

ಈ ವಿಷಯದಲ್ಲಿ ಕೂಟ ಕಟ್ಟುನಿಟ್ಟು. ಒಬ್ಬ ಗೃಹಸ್ಥರು, ಪರಿಚಯದ ನರ್ಸಿಂಗ್ ಹೋಮ್ ಒಂದರಲ್ಲಿ ಆಗತಾನೆ ಹುಟ್ಟಿದ ಮಗುವಿದೆ, ಖರ್ಚು ಕೊಟ್ಟರೆ ನೇರವಾಗಿ ಮನೆಗೆ ತರಬಹುದಂತೆ, ಇದು ಪ್ರಾರ್ಥನೆಗೆ ಬಂದ ಉತ್ತರವಿರಬಹುದೇ ಎಂದು ಮುಗ್ಧವಾಗಿ ಕೇಳಿದರು. ಕೂಟದ ವಕೀಲರು ಬಾಲನ್ಯಾಯ ಕಾಯ್ದೆಯ 80 ಮತ್ತು 81ನೆಯ ಕಲಮುಗಳನ್ನು ಗಟ್ಟಿಯಾಗಿ ಓದಿದರು: ಕ್ರಮ ಬಿಟ್ಟು ಮಗುವನ್ನು ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ದಂಡ ಅಥವಾ ಎರಡೂ, ಕೊಂಡರೆ, ಮಾರಿದರೆ ಐದು ವರ್ಷದವರೆಗೆ ಕಠಿಣ ಸೆರೆ, ಜೊತೆಗೆ ದಂಡ. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಡೀಕನೆಸ್ ಆ ಗೃಹಸ್ಥರನ್ನು ಚಹಾದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದೊಯ್ದು ಬಹಳ ಹೊತ್ತು ಮಾತನಾಡಿದರು. ಅವರು ಈಗಲೂ ಬರುತ್ತಾರೆ, ಕ್ರಮದ ಸಾಲಿನಲ್ಲೇ ಇದ್ದಾರೆ.

2025ರ ಫೆಬ್ರವರಿಯ ಕೂಟ ಎಲ್ಲಕ್ಕಿಂತ ಭಾರವಾಗಿತ್ತು. ಅದಕ್ಕೆ ಹಿಂದಿನ ಒಂದು ವರ್ಷದೊಳಗೆ ನೆದರ್ಲೆಂಡ್ಸ್ ಹೊರದೇಶಗಳ ದತ್ತನ್ನು ಹಂತಹಂತವಾಗಿ ಕೊನೆಗೊಳಿಸುವುದಾಗಿ ಹೇಳಿತ್ತು, ಚೀನಾ ತನ್ನ ಮಕ್ಕಳನ್ನು ಪರದೇಶದವರಿಗೆ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿತ್ತು, ಮತ್ತು ಸ್ವಿಟ್ಜರ್ಲೆಂಡಿನ ಸರ್ಕಾರ ಹಿಂದಿನ ಅಕ್ರಮಗಳನ್ನು ನೆನೆದು ಇಂಥ ದತ್ತನ್ನೇ ನಿಷೇಧಿಸುವ ಇಚ್ಛೆಯನ್ನು ಜನವರಿಯಲ್ಲಿ ಪ್ರಕಟಿಸಿತ್ತು. ನಮ್ಮೂರಿಗೆ ಮಿಶನ್ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ, ಬಾಸೆಲ್ ಎಂದರೆ ನಮಗೆ ತವರಿನ ಹಾಗೆ. ಆ ದೇಶದಿಂದಲೇ ಈ ಸುದ್ದಿ ಬಂದಾಗ ನಾವು ಮಾಡುತ್ತಿರುವುದು ಸರಿಯೇ ಎಂಬ ಪ್ರಶ್ನೆ ಕೋಣೆಗೆ ಬಂದು ಕುಳಿತಿತು. ಮಗಳು ವಿಡಿಯೊ ಪರದೆಯ ಮೇಲಿನಿಂದಲೇ ಕೇಳಿದಳು: ಮಗುವನ್ನು ಅದರ ಭಾಷೆ, ಊರು, ದೇವರು ಎಲ್ಲದರಿಂದ ಕಿತ್ತು ತರುವುದು ಪ್ರೀತಿಯೋ ಲೋಭವೋ? ಡೀಕನೆಸ್ ಉತ್ತರ ಹೇಳಲಿಲ್ಲ. ಬದಲಿಗೆ ಹೇಗ್ ಒಪ್ಪಂದದ 16ನೆಯ ಅನುಚ್ಛೇದವನ್ನು ಓದಿಸಿದರು. ಮಗು ಬೆಳೆದ ಬಗೆ, ಅದರ ಜನಾಂಗ, ಧರ್ಮ, ಸಂಸ್ಕೃತಿಗಳ ಹಿನ್ನೆಲೆಗೆ ತಕ್ಕ ಗಮನ ಕೊಡಬೇಕೆಂದು ಅದು ಕಳುಹಿಸುವ ದೇಶಕ್ಕೆ ಹೇಳುತ್ತದೆ. ಆಮೇಲೆ ದೀಕ್ಷಾಸ್ನಾನದ ವಿಚಾರ ಬಂತು. ಮೂರು ನಾಲ್ಕು ವರ್ಷದ ಮಗು ದೀಪ ಹಚ್ಚಿದಾಗ ಕೈಮುಗಿಯಲು ಕಲಿತು ಬಂದಿದ್ದರೆ ಏನು ಮಾಡುತ್ತೀರಿ ಎಂದು ಅವರು ನಮ್ಮನ್ನೇ ಕೇಳಿದರು. ಕೈ ಬಿಡಿಸಬೇಡಿ ಎಂದು ಒಬ್ಬರು, ಮೊದಲ ಭಾನುವಾರವೇ ಚರ್ಚಿಗೆ ತರಬೇಕು ಎಂದು ಇನ್ನೊಬ್ಬರು. ಮಾತು ಜಗಳದ ಅಂಚಿಗೆ ಹೋಯಿತು. ಮೊದಲು ಮಗು ನಿಮ್ಮನ್ನು ಅಮ್ಮ ಎನ್ನಲಿ, ಆಮೇಲೆ ನೀವು ಯಾರನ್ನು ತಂದೆ ಎನ್ನುತ್ತೀರೆಂದು ಅದೇ ಕೇಳುತ್ತದೆ ಎಂದಷ್ಟೇ ಡೀಕನೆಸ್ ಹೇಳಿ ಎಬ್ಬಿಸಿದರು. ನಾನು 2022ರಲ್ಲೇ ಆರು ತಿಂಗಳ ಕೂಸಿನ ಅಳತೆಗೆ ಬಿಳಿ ಗೌನು ಹೊಲಿದು ಕಪಾಟಿನಲ್ಲಿಟ್ಟಿದ್ದೆ. ಮಗಳು, ಅಳಿಯ ಈಗ ಎರಡರಿಂದ ನಾಲ್ಕು ವರ್ಷದ ಮಗುವಿಗೆ ಒಪ್ಪಿಗೆ ಕೊಟ್ಟಿದ್ದಾರೆ, ಗೌನು ಯಾವ ಲೆಕ್ಕದಲ್ಲೂ ಆಗುವುದಿಲ್ಲ.

ಉಳಿದ ಕೊರತೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೆಟ್ಟಿಲು ಇಪ್ಪತ್ತೆರಡು, ಹಿಡಿಕೆ ಒಂದೇ ಬದಿಗೆ. ಮೊಣಕಾಲು ನೋವಿರುವ ಅಜ್ಜಂದಿರಿಗೆ, ಅಜ್ಜಿಯರಿಗೆ ಕಷ್ಟ. ಕಾಯುವವರಲ್ಲಿ ನಮ್ಮ ಪ್ರಾಯದವರು ಅರ್ಧಕ್ಕರ್ಧ ಇರುತ್ತಾರೆ ಎಂಬುದನ್ನು ಯಾರೂ ಯೋಚಿಸಿಲ್ಲ. ಕೂಟ ಕನ್ನಡದಲ್ಲಿ ನಡೆಯುತ್ತದೆ, ಕಾಗದಗಳೆಲ್ಲ ಇಂಗ್ಲಿಷಿನಲ್ಲಿ, ಬರುವ ಕೆಥೊಲಿಕರಿಗೆ ಮನಸ್ಸು ಬಿಚ್ಚಲು ಕೊಂಕಣಿಯೇ ಬೇಕು. ಕೊಂಕಣಿ ಬಲ್ಲ ಸ್ವಯಂಸೇವಕಿ ಒಬ್ಬರೇ ಇರುವುದು. ವಾಟ್ಸ್ಯಾಪ್ ಗುಂಪಿನಲ್ಲಿ ವಚನದ ಚಿತ್ರಗಳ ಪ್ರವಾಹದಲ್ಲಿ ಕೂಟದ ದಿನಾಂಕವೇ ಕೊಚ್ಚಿಹೋಗುತ್ತದೆ. ಒಮ್ಮೆ ಒಬ್ಬರು ಸಂತೋಷದ ಭರದಲ್ಲಿ ತಮಗೆ ತೋರಿಸಿದ ಮಗುವಿನ ಫೋಟೊ ಹಾಕಿದಾಗ, ಅದು ಕಾನೂನಿಗೆ ವಿರುದ್ಧವೆಂದು ಡೀಕನೆಸ್ ಐದು ನಿಮಿಷದಲ್ಲಿ ಅಳಿಸಿದರು. ಆ ಚುರುಕು ಮೆಚ್ಚಬೇಕಾದದ್ದು. ಮಗು ಬಂದ ಕುಟುಂಬಗಳು ಕೂಟದ ನಡುವೆಯೇ ಕೇಕ್ ಕತ್ತರಿಸುವ ಪದ್ಧತಿಯಿತ್ತು. ಕಾಯುತ್ತ ಕುಳಿತವರು ಚಪ್ಪಾಳೆ ತಟ್ಟಿ, ಆಮೇಲೆ ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಾವು ಕೆಲವರು ಹೇಳಿದ ಮೇಲೆ ಈಗ ಅದನ್ನು ಕೂಟ ಮುಗಿದು ಮಧ್ಯಾಹ್ನ ಒಂದು ಗಂಟೆಯ ಬಳಿಕ ಕೆಳಗಿನ ಕೋಣೆಯಲ್ಲಿ ಮಾಡುತ್ತಾರೆ, ಇಷ್ಟವಿದ್ದವರು ಉಳಿಯಬಹುದು.

ಯಾರು ಹೋಗಬೇಕು ಎಂದು ಕೇಳಿದರೆ: ಕಡತವನ್ನು ಮುಂದಕ್ಕೆ ತಳ್ಳಿಸಿಕೊಡುತ್ತಾರೆಂಬ ಆಸೆಯಿದ್ದವರು ಹೋಗಬೇಡಿ, ಇವರು ಏಜೆನ್ಸಿಯಲ್ಲ, ಯಾವ ಕಚೇರಿಯಲ್ಲೂ ಇವರ ಮಾತು ನಡೆಯುವುದಿಲ್ಲ. ಅದನ್ನು ಮೊದಲ ದಿನವೇ ಹೇಳುತ್ತಾರೆ. ಪ್ರಾರ್ಥನೆ ಮಾತ್ರ ಸಾಕು ಎನ್ನುವವರಿಗೆ ತಮ್ಮ ತಮ್ಮ ಸಭೆಯ ಸ್ತ್ರೀಯರ ಕೂಟ ಇದೆ. ಕ್ರೈಸ್ತರಲ್ಲದ ದಂಪತಿಯೊಬ್ಬರು ಎರಡು ಸಲ ಬಂದಿದ್ದರು, ಕಾಗದದ ಗಂಟೆಗೆ ಅವರಿಗೂ ಕುರ್ಚಿ, ಗೋಳಿಬಜೆ ಎಲ್ಲವೂ ಇತ್ತು. ಮಕ್ಕಳು ಹೊರದೇಶದಲ್ಲಿದ್ದು ಊರಿನಲ್ಲಿ ಒಬ್ಬರೇ ಈ ಲೆಕ್ಕವನ್ನು ಎಣಿಸುತ್ತಿರುವ ತಾಯಂದಿರು ಇದ್ದರೆ, ಮೆಟ್ಟಿಲು ಲೆಕ್ಕಿಸದೆ ಹೋಗಿ. ಕಾಗದದ ಮೇಜಿಗೆ ಐದರಲ್ಲಿ ನಾಲ್ಕು, ಡೀಕನೆಸ್ ಅವರ ಗಂಟೆಗೆ ಐದಕ್ಕೆ ಐದು, ಸೌಕರ್ಯಕ್ಕೆ ಎರಡು ಎಂದು ನಾನು ಕೊಡುತ್ತೇನೆ.

ವಿಡಿಯೊ ಸಂಪರ್ಕಕ್ಕೆ ಒಂದೇ ಅಂಕ. ಹೊರದೇಶದಲ್ಲಿರುವವರಿಗಾಗಿ ಪರದೆ ಇಟ್ಟಿದ್ದಾರೆ, ಆದರೆ ಮೈಕು ಬೋಧಕರ ಮುಂದೆ ಮಾತ್ರ. ಹಿಂದಿನ ಸಾಲಿನಲ್ಲಿ ನಾವು ಆಡಿದ ಮಾತು ಅವರಿಗೆ ಕೇಳಿಸುವುದಿಲ್ಲ. ಬೇಸಿಗೆಯಲ್ಲಿ ನಮ್ಮ 10.30 ಎಂದರೆ ಸ್ಟುಟ್‌ಗಾರ್ಟಿನಲ್ಲಿ ಬೆಳಿಗ್ಗೆ 7. ಅಕ್ಟೋಬರಿನ ಕೊನೆಯಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದು 6 ಆಗುತ್ತದೆ, ಮಗಳು ಕತ್ತಲಲ್ಲಿ ಎದ್ದು ಅಡುಗೆಮನೆಯ ದೀಪ ಹಾಕಿ ಕೂರುತ್ತಾಳೆ. ಚಳಿಗಾಲದ ತಿಂಗಳುಗಳಲ್ಲಾದರೂ ಕೂಟವನ್ನು 11.30ಕ್ಕೆ ಸರಿಸಬೇಕೆಂದು ನಾನು ಕಾಗದದಲ್ಲಿ ಬರೆದು, ಸಹಿ ಹಾಕಿ, ಒಂದು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಕೊಟ್ಟಿದ್ದೇನೆ. ಪರಿಶೀಲನೆಯಲ್ಲಿದೆ ಎಂದಿದ್ದಾರೆ.